ಲ್ವಾರ್ ನದಿಯ ಏರಿ ಮೇಲೆ ಎರಡು ಸೈಕಲ್

ಮೊದಲ ಸಲ ಫ್ರಾನ್ಸಿಗೆ ಹೋದಾಗ ಪ್ಯಾರಿಸ್‌ನಿಂದ ಬಸ್ಸಿನಲ್ಲಿ ಹೋಗಿ ಲ್ವಾರ್ ನದಿ ಕಣಿವೆಯ ಮೂರು ಅರಮನೆ ಒಂದೇ ದಿನ ನೋಡಿ ಬಂದಿದ್ದೆ. ಊರಿಗೆ ಬಂದು ಫೋಟೋ ನೋಡಿದರೆ ಯಾವ ಮೆಟ್ಟಿಲು ಯಾವ ಅರಮನೆಯದ್ದು ಅಂತ ನನಗೇ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು. ಅದಕ್ಕೇ ಎರಡನೇ ಸಲ ಅಕ್ಕನನ್ನು ಜೊತೆಗೆ ಕರೆದುಕೊಂಡು ಸೈಕಲ್ಲಿನಲ್ಲೇ ಹೊರಟೆ. ಆರು ದಿನ, ಸುಮಾರು 180 ಕಿಲೋಮೀಟರ್, ಆರು ಅರಮನೆ. ದಿನಕ್ಕೊಂದೇ ಅರಮನೆ ಅಂತ ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದೆವು.

ಅಲ್ಲಿನವರು ಇವುಗಳನ್ನು ಶಾತೋ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆಂಬುವಾಜ್‌ನಂಥದ್ದು ನದಿಯ ಮೇಲೆ ಗೋಡೆ ಎತ್ತಿ ನಿಂತ ಕೋಟೆ. ಶನೋನ್ಸೋ ಅಪ್ಪಟ ಅರಮನೆ. ಎರಡಕ್ಕೂ ಒಂದೇ ಹೆಸರು. ನಾನು ಅರಮನೆ ಅಂತಲೇ ಬರೆಯುತ್ತೇನೆ.

ಲ್ವಾರ್ ಕಣಿವೆಯಲ್ಲಿ ಸೈಕಲ್ ದಾರಿಗೆ ತೊಂದರೆಯೇ ಇಲ್ಲ. ನೆವೇರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್ ಉದ್ದದ ಗುರುತು ಮಾಡಿದ ದಾರಿ ಇದೆ. ಹೆಸರು ಲ್ವಾರ್ ಆ ವೇಲೊ. ತಿರುವು ತಿರುವಿಗೂ ಬೋರ್ಡು. ನಮಗೆ ನಕ್ಷೆ ತೆಗೆಯಬೇಕಾಗಿ ಬಂದಿದ್ದು ಎರಡೋ ಮೂರೋ ಸಲ. ಬ್ಲುವಾ ಊರಿನಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಂಡು ತೂರ್‌ನಲ್ಲಿ ವಾಪಸ್ ಕೊಟ್ಟೆವು. ಅಕ್ಕನಿಗೆ ಮಂಡಿ ನೋವು, ಹಾಗಾಗಿ ಅವಳಿಗೆ ಎಲೆಕ್ಟ್ರಿಕ್ ಸೈಕಲ್. ಈ ಎರಡು ಊರುಗಳ ನಡುವೆ ನದಿಗುಂಟ ರೈಲೂ ಓಡುತ್ತದೆ. ಲೋಕಲ್ ರೈಲಿಗೆ ಸೈಕಲ್ ಹತ್ತಿಸಬಹುದು ಅನ್ನುವ ಧೈರ್ಯ ಇದ್ದರೆ ಮಳೆಗೆ ಹೆದರಬೇಕಾಗಿಲ್ಲ. ನಾವು ಹೋಗಿದ್ದು ಸೆಪ್ಟೆಂಬರ್ ಎರಡನೇ ವಾರ. ಜನ ಕಡಿಮೆ. ನದಿಯಲ್ಲಿ ನೀರು ಇಳಿದು ಮರಳ ದಿಬ್ಬಗಳು ಕಾಣುತ್ತವೆ. ತೋಟಗಳಲ್ಲಿ ದ್ರಾಕ್ಷಿ ಹಣ್ಣಾಗುತ್ತಿರುತ್ತದೆ.

ಎರಡನೇ ದಿನ ಶಾಂಬೋರ್. ಬ್ಲುವಾದಿಂದ ಕಾಡಿನ ಒಳಗೆ ನೇರವಾಗಿ ಹೋಗುವ ದಾರಿಯೂ ಇದೆ. ನಾವು ಬೇಕಂತಲೇ ನದಿ ಪಕ್ಕದ ದಾರಿ ಹಿಡಿದು ಸ್ಯಾಂ ದ್ಯೇ ಅನ್ನುವ ಸಣ್ಣ ಊರಿನ ಮೇಲೆ ಹೋದೆವು. ದಾರಿ ಬಹುಪಾಲು ಏರಿಯ ಮೇಲೇ ಹೋಗುತ್ತದೆ. ನಮ್ಮ ಕೆರೆ ಏರಿ ಇರುತ್ತದಲ್ಲ, ಹಾಗೇ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ತಗ್ಗಿನಲ್ಲಿ ಹೊಲ, ಮನೆ. ಈ ಏರಿಯೂ ತಡೆಯದಷ್ಟು ನೀರು ಬಂದಿದ್ದು 1846, 1856 ಮತ್ತು 1866ರಲ್ಲಿ. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ನದಿ ದಡದ ಊರುಗಳಲ್ಲಿ ಗೋಡೆಗಳ ಮೇಲೆ ಗೆರೆ ಕೊರೆದಿದ್ದಾರೆ. ಒಂದು ಗೆರೆಯ ಕೆಳಗೆ ನಿಂತರೆ ಅದು ನನ್ನ ತಲೆಗಿಂತ ಮೇಲಿತ್ತು.

ಸ್ಯಾಂ ದ್ಯೇ ದಡದಲ್ಲಿ ಈಗ ದೋಣಿಗಳ ಓಡಾಟ ಇಲ್ಲ. ಆದರೆ ಶಾಂಬೋರ್ ಕಟ್ಟುವಾಗ ಕಲ್ಲು ಬಂದಿಳಿಯುತ್ತಿದ್ದ ಬಂದರು ಇದೇ. ಇಲ್ಲಿಂದ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ತುಫೋ ಅಂತ ಕರೆಯುವ ಬೆಳ್ಳನೆಯ ಮೆತ್ತಗಿನ ಸುಣ್ಣಕಲ್ಲು ಅದು. ಕೊರೆಯುವುದು ಸುಲಭ. ಅಷ್ಟೊಂದು ಕಲ್ಲನ್ನು ದೂರದಿಂದ ಸಾಗಿಸುವುದಕ್ಕೆ ನದಿಗಿಂತ ಒಳ್ಳೆಯ ದಾರಿ ಆಗ ಇರಲಿಲ್ಲ. ಆ ಗಾಡಿಗಳು ಹೋಗಿರಬಹುದಾದ ದಿಕ್ಕಿನಲ್ಲೇ ನಾಲ್ಕೈದು ಕಿಲೋಮೀಟರ್ ತುಳಿದುಕೊಂಡು ಹೋಗಿ ಅರಮನೆ ತಲುಪುವುದಿದೆಯಲ್ಲ, ಅದನ್ನು ನಾನು ಯಾವ ಬಸ್ಸಿಗೂ ಬಿಟ್ಟುಕೊಡುವುದಿಲ್ಲ. ಮೊದಲು ಸಿಗುವುದು ಗೋಡೆ. ಕಾಡನ್ನೆಲ್ಲ ಸುತ್ತುವರಿದ ಈ ಗೋಡೆಯ ಉದ್ದ 32 ಕಿಲೋಮೀಟರ್. ಒಳಗಿನ ಜಾಗ ಸುಮಾರು 5,440 ಹೆಕ್ಟೇರ್, ಹೆಚ್ಚುಕಡಿಮೆ ಪ್ಯಾರಿಸ್ ನಗರದಷ್ಟು. ಗೋಡೆ ದಾಟಿದ ಮೇಲೂ ಬರೀ ಮರ. ಇದು ಬೇಟೆಗೆ ಅಂತ ಕಟ್ಟಿಸಿದ ಅರಮನೆ ಅಂತ ಯಾರೂ ಹೇಳಬೇಕಾಗಿಲ್ಲ, ಕಾಡೇ ಹೇಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮರಗಳು ಮುಗಿದು, ಬೆಳ್ಳಗೆ ಅಷ್ಟಗಲ ನಿಂತಿರುತ್ತದೆ. ಅಕ್ಕ ಬ್ರೇಕ್ ಹಿಡಿದು ಹಾಗೇ ನಿಂತಳು. ನಾನೂ ನಿಂತೆ.

1519ರಲ್ಲಿ ಒಂದನೇ ಫ್ರಾನ್ಸ್ವಾ ರಾಜ ಕೆಲಸ ಶುರು ಮಾಡಿಸಿದ್ದು. 282 ಒಲೆಗೂಡುಗಳಿವೆಯಂತೆ. ಹಾಗಿದ್ದೂ ರಾಜ ಅಲ್ಲಿ ಉಳಿದಿದ್ದು ಎಲ್ಲ ಸೇರಿಸಿದರೆ ಕೆಲವು ವಾರ ಅಷ್ಟೇ. ಬರುವಾಗ ಮಂಚ, ಕುರ್ಚಿ, ಜಮಖಾನ ಎಲ್ಲ ಜೊತೆಗೇ ಬರುತ್ತಿತ್ತು, ಹೋಗುವಾಗ ಜೊತೆಗೇ ಹೋಗುತ್ತಿತ್ತು. ನಡುವಿನ ಜೋಡಿ ಮೆಟ್ಟಿಲು ನೋಡಲೇಬೇಕು. ಎರಡು ಮೆಟ್ಟಿಲು ಒಂದೇ ಕಂಬದ ಸುತ್ತ ಹಾವಿನ ಹಾಗೆ ಸುತ್ತಿಕೊಂಡು ಮೇಲೇರುತ್ತವೆ. ಅಕ್ಕ ಒಂದರಲ್ಲಿ ಹತ್ತಿದಳು, ನಾನು ಇನ್ನೊಂದರಲ್ಲಿ. ನಡುವಿನ ಕಿಂಡಿಗಳಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ, ಮಾತೂ ಕೇಳಿಸುತ್ತದೆ, ಆದರೆ ದಾರಿ ಎಲ್ಲೂ ಸೇರುವುದಿಲ್ಲ. ಮೂರು ಸಲ ಹತ್ತಿ ಇಳಿದೆವು. ದಿನಕ್ಕೊಂದೇ ಅರಮನೆ ಆಗಿದ್ದರಿಂದ ಅವಸರ ಇರಲಿಲ್ಲ. ಅಲ್ಲಿಂದ ಶೆವೆರ್ನಿ ಅನ್ನುವ ಇನ್ನೊಂದು ಅರಮನೆಯೂ ಸೈಕಲ್ಲಿಗೆ ಸಿಗುವಷ್ಟು ಹತ್ತಿರ. ನನಗೆ ಆಸೆ ಆಗಿದ್ದು ನಿಜ. ಅಕ್ಕ ಮಾತ್ರ, "ಇವತ್ತಿಗೆ ಸಾಕು ಮಾರಾಯ್ತಿ, ಕಣ್ಣು ತುಂಬಿತು" ಅಂದಳು. ಅವಳು ಹೇಳಿದ್ದೇ ಸರಿ.

ಮೂರನೇ ದಿನ ಆಂಬುವಾಜ್ ಕಡೆಗೆ 40 ಕಿಲೋಮೀಟರ್. ಅವತ್ತು ಸೋಮವಾರ. ಫ್ರಾನ್ಸಿನ ಹಳ್ಳಿಗಳಲ್ಲಿ ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಅಂಗಡಿ ಮುಚ್ಚಿರುವುದು ಮಾಮೂಲು. ಅದು ಗೊತ್ತಿದ್ದೂ ನಾನು ಬುತ್ತಿ ಕಟ್ಟಿಕೊಂಡಿರಲಿಲ್ಲ. ಎರಡು ಊರು ದಾಟಿದರೂ ಬ್ರೆಡ್ ಅಂಗಡಿ ಬಾಗಿಲು ತೆಗೆದಿರಲಿಲ್ಲ. ಹಿಂದಿನ ದಿನದ ಅರ್ಧ ಬ್ಯಾಗೆಟ್, ಎರಡು ಟೊಮೆಟೊ, ಅಕ್ಕ ಶಿವಮೊಗ್ಗದಿಂದ ತಂದಿದ್ದ ಚಟ್ನಿಪುಡಿ. ಅದೇ ಊಟ ಆಯಿತು. ಸಸ್ಯಾಹಾರಿಗಳಿಗೆ ಒಂದು ಮಾತು: ಈ ಕಡೆ ಎಲ್ಲೆಲ್ಲೂ ಸಿಗುವ ಮೇಕೆ ಹಾಲಿನ ಚೀಸ್‌ಗೆ ಹಾಲು ಒಡೆಸಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಬೇಡ ಅನ್ನುವವರು ಮೊದಲೇ ಕೇಳಿಕೊಳ್ಳಿ. ಕುಡಿಯುವ ನೀರಿಗೆ ಅಲ್ಲಿನ ಸೈಕಲ್ ಸವಾರರು ಮಾಡುವ ಉಪಾಯ ನಾವೂ ಮಾಡಿದೆವು. ಪ್ರತಿ ಊರಿನ ಸ್ಮಶಾನದಲ್ಲೂ ನಲ್ಲಿ ಇರುತ್ತದೆ. 'ನೋಂ ಪೊತಾಬ್ಲ್' ಅಂತ ಬೋರ್ಡ್ ಇದ್ದರೆ ಆ ನೀರು ಕುಡಿಯಬಾರದು.

ದಾರಿಯಲ್ಲಿ ಶೋಮೋಂ ಅರಮನೆ. ನದಿಯಿಂದ ಗುಡ್ಡದ ಮೇಲಕ್ಕೆ ಸೈಕಲ್ ತಳ್ಳಿಕೊಂಡೇ ಹೋದೆ. ಅಲ್ಲಿ ಒಂದೇ ಗಂಟೆ ಇದ್ದೆವು. ಗಾಳಿ ಪಶ್ಚಿಮದಿಂದ ಎದುರಿಗೆ ಬೀಸುತ್ತಿತ್ತು, ಸುಸ್ತಾಗಿತ್ತು. ಈ ಕಣಿವೆಯಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದಲೇ ಬರುವುದು. ಆದ್ದರಿಂದ ತೂರ್‌ನಿಂದ ಶುರು ಮಾಡಿ ಬ್ಲುವಾ ಕಡೆಗೆ ಬಂದರೆ ಬೆನ್ನಿಗೆ ಗಾಳಿ ಸಿಗುತ್ತದೆ. ನೀವು ಹಾಗೇ ಮಾಡಿ.

ಆಂಬುವಾಜ್‌ನಲ್ಲಿ ಎರಡು ರಾತ್ರಿ ಉಳಿದೆವು. ಸೈಕಲ್ ಸವಾರರನ್ನು ಸ್ವಾಗತಿಸುವ ಮನೆ, ಹೋಟೆಲುಗಳಿಗೆ 'ಆಕ್ಯೋಯ್ ವೇಲೊ' ಅಂತ ಗುರುತಿನ ಫಲಕ ಇರುತ್ತದೆ. ರಾತ್ರಿ ಸೈಕಲ್ ಒಳಗಿಡಲು ಜಾಗ, ಪಂಕ್ಚರ್ ಸಾಮಾನು ಎಲ್ಲ ಅಲ್ಲಿ ಸಿಗುತ್ತದೆ. ಇಲ್ಲಿನ ಕೋಟೆಯ ಒಂದು ದಪ್ಪ ಬುರುಜಿನೊಳಗೆ ಮೆಟ್ಟಿಲೇ ಇಲ್ಲ. ಕುದುರೆ, ಗಾಡಿ ಕೆಳಗಿನಿಂದ ನೇರ ಅರಮನೆಯ ಮಟ್ಟಕ್ಕೆ ಹೋಗಲಿ ಅಂತ ಸುತ್ತು ಸುತ್ತಾಗಿ ಇಳಿಜಾರು ಕಟ್ಟಿದ್ದಾರೆ. ಪಕ್ಕದ ಸಣ್ಣ ಪ್ರಾರ್ಥನಾ ಮಂದಿರದಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಸಮಾಧಿ. ಅವನು 1516ರಲ್ಲಿ ಇಟಲಿಯಿಂದ ಆಲ್ಪ್ಸ್ ದಾಟಿ ಇಲ್ಲಿಗೆ ಬಂದವನು. 1519ರ ಮೇ 2ರಂದು ಇದೇ ಊರಿನಲ್ಲಿ ತೀರಿಕೊಂಡ. ಶಾಂಬೋರ್ ಕೆಲಸ ಶುರುವಾದ ವರ್ಷವೇ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಶನೋನ್ಸೋ. ಆಂಬುವಾಜ್ ಕಾಡಿನ ಏರು ಹತ್ತಿ ಶೇರ್ ನದಿಯ ಕಡೆಗೆ ಇಳಿದರೆ ಹದಿನೈದು ಕಿಲೋಮೀಟರ್ ಒಳಗೇ. ಬಸ್ಸಿನವರು ಉತ್ತರದ ಮುಂಬಾಗಿಲಿಗೆ ಹೋಗುತ್ತಾರೆ. ನಾವು ಮೊದಲು ಪಕ್ಕದ ಊರಿನ ಸೇತುವೆ ದಾಟಿ, ದಕ್ಷಿಣ ದಡದಲ್ಲಿ ನದಿಗುಂಟ ಸೈಕಲ್ ತಳ್ಳಿಕೊಂಡು ನಡೆದೆವು. ಆ ಕಡೆ ಟಿಕೆಟ್ ಇಲ್ಲ, ಜನವೂ ಇಲ್ಲ. ಅರಮನೆ ನದಿಯ ಮೇಲೇ ಕಾಲೂರಿ ನಿಂತಿದೆ. ಅರಮನೆಯ ಈ ಸೇತುವೆ ಕಟ್ಟಿಸಿದ್ದು ರಾಜ ಎರಡನೇ ಹೆನ್ರಿಯ ಪ್ರೇಯಸಿ ದಿಯಾನ್ ದ ಪೊಯ್ತಿಯೇ. 1559ರಲ್ಲಿ ರಾಜ ಸತ್ತ ಮೇಲೆ ರಾಣಿ ಕತ್ರೀನ್ ದ ಮೆದಿಚಿ ಅರಮನೆಯನ್ನು ಅವಳಿಂದ ವಾಪಸ್ ಪಡೆದು, ಬದಲಿಗೆ ಶೋಮೋಂ ಕೊಟ್ಟಳು. ಹಿಂದಿನ ದಿನ ಅದೇ ಗುಡ್ಡ ಹತ್ತಿ ಬಂದಿದ್ದೆವಲ್ಲ, ಅಕ್ಕ ತಕ್ಷಣ ಅಂದಳು, "ಅದೂ ಕಡಿಮೆ ಏನಿಲ್ಲ ಬಿಡು. ಆದರೆ ಈ ನೀರು ಅಲ್ಲೆಲ್ಲಿದೆ?" ಸೇತುವೆಯ ಮೇಲಿನ 60 ಮೀಟರ್ ಉದ್ದದ ಹಜಾರ ಕತ್ರೀನ್ ಕಟ್ಟಿಸಿದ್ದು. ಮೊದಲ ಮಹಾಯುದ್ಧದಲ್ಲಿ ಅದೇ ಹಜಾರದಲ್ಲಿ ಆಸ್ಪತ್ರೆ ನಡೆಯಿತು. ಎರಡು ಸಾವಿರಕ್ಕಿಂತ ಜಾಸ್ತಿ ಗಾಯಾಳುಗಳಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಹಿಡಿದ ಫ್ರಾನ್ಸಿಗೂ ಹಿಡಿಯದೆ ಬಿಟ್ಟ ಫ್ರಾನ್ಸಿಗೂ ಇಲ್ಲಿ ಈ ಶೇರ್ ನದಿಯೇ ಗಡಿ. ಮುಂಬಾಗಿಲು ಜರ್ಮನ್ನರ ಕೈಯಲ್ಲಿದ್ದ ಭಾಗದಲ್ಲಿ, ಹಜಾರದ ಕೊನೆಯ ಬಾಗಿಲು ಆಚೆಯ ಭಾಗದಲ್ಲಿ. ಒಳಗೆ ಹೋಗಿ ಆ ಹಜಾರದುದ್ದಕ್ಕೂ ನಡೆದು ಕೊನೆಯ ಬಾಗಿಲಲ್ಲಿ ನಿಂತಾಗ, ಬೆಳಿಗ್ಗೆ ನಾವು ನಿಂತಿದ್ದ ದಡವೇ ಎದುರಿಗೆ ಕಾಣಿಸಿತು. ನನಗೆ ಗಂಟಲು ಕಟ್ಟಿತು.

ತೂರ್ ಕಡೆಗೆ ಹೋಗುವಾಗ ಮೋಂಲ್ವಿ ಹತ್ತಿರ ಬಂಡೆಯಲ್ಲೇ ಕೊರೆದ ಮನೆಗಳು, ವೈನ್ ಇಡುವ ಗವಿಗಳು ಸಿಗುತ್ತವೆ. ಬಂಡೆಗೇ ಬಾಗಿಲು, ಕಿಟಕಿ, ಮೇಲೆ ಹೊಗೆ ಕೊಳವೆ. ಅದೇ ಬೆಳ್ಳನೆಯ ತುಫೋ ಕಲ್ಲು. ರಾಜನ ಮೆಟ್ಟಿಲಿಗೂ ರೈತನ ಅಡುಗೆಮನೆಗೂ ಒಂದೇ ಕಲ್ಲು. ಕೈಯಿಟ್ಟು ನೋಡಿದೆ, ಬೆರಳಿಗೆ ಬಿಳಿ ಪುಡಿ ಹತ್ತಿತು.

ಕೊನೆಯ ದಿನ ವಿಲಾಂದ್ರಿ. ತೂರ್‌ನಿಂದ ಹೋಗಿ ಬರಲು 40 ಕಿಲೋಮೀಟರ್, ಬಹುಪಾಲು ಸಮತಟ್ಟು. 1906ರಲ್ಲಿ ಹೋಆಕಿಂ ಕಾರ್ವಾಯೊ ಅನ್ನುವ ಸ್ಪೇನ್ ಮೂಲದವರು ಇದನ್ನು ಕೊಂಡು, ಹಳೆಯ ಕಾಲದ ತೋಟವನ್ನು ಮತ್ತೆ ಮಾಡಿಸಿದರು. ಒಂಬತ್ತು ಚೌಕಗಳಲ್ಲಿ ರಂಗೋಲಿ ಬಿಟ್ಟ ಹಾಗೆ ತರಕಾರಿ ಮಡಿಗಳು. ಎಲೆಕೋಸು, ಕುಂಬಳ, ಮೆಣಸಿನಕಾಯಿ. ಅಕ್ಕ ಊರಲ್ಲಿ ಹಿತ್ತಿಲು ಮಾಡುವವಳು. ಅರಮನೆಯೊಳಗೆ ಬರುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿ ಎರಡು ಗಂಟೆ ತೋಟದಲ್ಲೇ ಓಡಾಡಿದಳು. ಕಳೆ ಕೀಳುತ್ತಿದ್ದ ತೋಟಗಾರರಿಗೆ 'ಬೋಂಜೂರ್' ಹೇಳಿ, ಕೋಸಿನ ಎಲೆಯ ಮೇಲಿದ್ದ ಹುಳದ ತೂತು ತೋರಿಸಿದಳು. ಅವರು ನಕ್ಕು, ಕೈಯಲ್ಲೇ ಹುಳ ಹೆಕ್ಕುವ ಹಾಗೆ ಮಾಡಿ ತೋರಿಸಿದರು. ಇವಳು ಹೌದೌದು ಅಂತ ತಲೆಯಾಡಿಸಿದಳು. ಸೈಕಲ್ ವಾಪಸ್ ಕೊಡಲು ಆರು ಗಂಟೆಯೊಳಗೆ ತೂರ್ ತಲುಪಬೇಕಿತ್ತು. ನಾನೇ ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದೆ.