ಪಲ್ಸರ್‌ಗೆ ಐದನೇ ಟೈರ್

ಆಗುಂಬೆ ಘಾಟಿಯಲ್ಲಿ 14 ತಿರುವು. ಅವುಗಳಲ್ಲಿ ಎಷ್ಟನೆಯದು ಅಂತ ಈಗ ನೆನಪಿಲ್ಲ, ಇಳಿಯುವಾಗ ಸುಮಾರು ನಡುವೆ ಬರುವ ಒಂದು. 2023ರ ಜುಲೈ. ಮಳೆ ನಿಂತು ಹತ್ತು ನಿಮಿಷವಾಗಿತ್ತು, ರಸ್ತೆಗೆ ಕೊಳೆತ ಎಲೆ ಅಂಟಿಕೊಂಡಿತ್ತು. ಬೈಕನ್ನು ಬಲಕ್ಕೆ ವಾಲಿಸಿದ್ದೆ ಅಷ್ಟೆ, ಹಿಂದಿನ ಚಕ್ರ ಕೇಳದೆ ಹೇಳದೆ ಒಂದು ಗೇಣು ಆಚೆ ಜಾರಿತು. ಬೀಳಲಿಲ್ಲ. ಕಾಲು ತಾನಾಗಿ ನೆಲಕ್ಕೆ ಹೋಗಿತ್ತು, ಬೈಕೂ ತಾನಾಗಿ ನೆಟ್ಟಗಾಯಿತು, ನಾನು ಮಾಡಿದ್ದೇನೂ ಇಲ್ಲ. ಸೋಮೇಶ್ವರಕ್ಕೆ ಇಳಿದು ಟೀ ಹೇಳಿದಾಗ ಲೋಟ ಹಿಡಿದ ಕೈ ಇನ್ನೂ ನಡುಗುತ್ತಿತ್ತು.

ಟೀ ಕುಡಿದು ಕೂತು ಟೈರ್ ನೋಡಿದೆ. ದಿನಾ ಕಣ್ಣಿಗೆ ಬೀಳುವ ವಸ್ತುವನ್ನು ಅವತ್ತೇ ಸರಿಯಾಗಿ ನೋಡಿದ್ದು. ನಡುವಿನ ಪಟ್ಟಿ ಸವೆದು ಮಣೆಯ ಹಾಗೆ ಚಪ್ಪಟೆ. ಎರಡೂ ಅಂಚಿನಲ್ಲಿ ಮಾತ್ರ ಹೊಸ ಟೈರಿಗೆ ಇರುತ್ತದಲ್ಲ, ಆ ರಬ್ಬರ್ ಕೂದಲು, ಅದರ ಮೋಟುಗಳು ಹಾಗೇ ಇದ್ದವು. ಚಪ್ಪಟೆ ಮುಗಿದು ದುಂಡು ಶುರುವಾಗುವ ಕಡೆ ಬೆರಳು ಆಡಿಸಿದರೆ ಒಂದು ಏಣು ತಾಗುತ್ತಿತ್ತು. ಬೈಕು ವಾಲಿದಾಗ ಈ ಏಣಿನ ಮೇಲೆ ಹತ್ತಿ ಆಚೆ ಇಳಿಯಬೇಕು. ಒದ್ದೆ ರಸ್ತೆಯಲ್ಲಿ ಜಾರಿದ್ದು ಹೆಚ್ಚುಕಮ್ಮಿ ಅಲ್ಲೇ.

ತಮಾಷೆ ಅಂದರೆ ಕಾನೂನಿನ ಪ್ರಕಾರ ಆ ಟೈರ್ ಇನ್ನೂ ಪಾಸು. ದ್ವಿಚಕ್ರ ವಾಹನದ ಟೈರಿನ ಮೇಲೆ ಕೊರೆದಿರುವ ಸಾಲು (ಗ್ರೂವ್) 0.8 ಮಿ.ಮೀ.ಗಿಂತ ಕಮ್ಮಿ ಆಳ ಇರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ. ನನ್ನದು ಒಂದೂವರೆ ಇತ್ತು. ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ (ಟ್ರೆಡ್ ವೇರ್ ಇಂಡಿಕೇಟರ್, ಸವೆತದ ಸೂಚಕ) ಅಂತಲೋ ಸಣ್ಣ ತ್ರಿಕೋನದ ಗುರುತೋ ಇರುತ್ತದೆ. ಅದರ ನೇರಕ್ಕೆ ಸಾಲಿನೊಳಗೆ ನೋಡಿದರೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು ಅಂತ ಲೆಕ್ಕ. ನನ್ನದು ಅಲ್ಲಿಗೆ ಬಂದಿರಲಿಲ್ಲ. ಸಾಲು ಉಳಿದಿತ್ತು, ಆಕಾರ ಹೋಗಿತ್ತು.

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ರೆಪ್. ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಾಗರ ನನ್ನ ಏರಿಯಾ, ತಿಂಗಳಿಗೊಮ್ಮೆ ಘಾಟಿ ಇಳಿದು ಹೆಬ್ರಿ. ಬೈಕು 2014ರ ಪಲ್ಸರ್ 220, ಆಗ 1,10,000 ಕಿ.ಮೀ. ದಾಟಿತ್ತು. ಕಂಪನಿ ಕೊಟ್ಟ ಅಳತೆ ಮುಂದೆ 90/90-17, ಹಿಂದೆ 120/80-17, ಎರಡೂ ಟ್ಯೂಬ್‌ಲೆಸ್. ಅಷ್ಟರಲ್ಲಿ ಹಿಂದಿನ ಚಕ್ರ ನಾಲ್ಕು ಟೈರ್ ತಿಂದಿತ್ತು, ಮುಂದಿನದು ಎರಡು. ಹಿಂದೆಲ್ಲ ಟೈರ್ ತಂದಿದ್ದು ಹೇಗೆ ಅಂದರೆ, ಅಂಗಡಿಗೆ ಹೋಗುವುದು, "ಒಳ್ಳೇದು ಹಾಕಿ" ಅನ್ನುವುದು, ಟೀ ಕುಡಿದು ಬರುವುದು. ಈ ಸಲ ಹಾಗೆ ಮಾಡಬಾರದು ಅನ್ನಿಸಿತು.

ಮೊದಲು ಹಳೆ ಟೈರ್ ಯಾಕೆ ಹೀಗೆ ಸವೆಯಿತು ಅಂತ ಯೋಚಿಸಿದೆ. ಮೂರು ಕಾರಣ ಸಿಕ್ಕವು. ಒಂದು, ನನ್ನ ಓಡಾಟದಲ್ಲಿ ಹೆಚ್ಚಿನ ಪಾಲು ಶಿವಮೊಗ್ಗ–ತೀರ್ಥಹಳ್ಳಿ ಹೆದ್ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯ ಜೊತೆ ಸಾಗುವ ದಾರಿ. ತಿರುವು ಇದ್ದರೂ ಬೈಕು ಜಾಸ್ತಿ ವಾಲಿಸುವ ಪ್ರಸಂಗ ಬರುವುದಿಲ್ಲ, ಟೈರ್ ನಡುವೆಯೇ ಸವೆಯುತ್ತದೆ. ಎರಡು, ಗಾಳಿ. ಬೈಕಿನ ಪುಸ್ತಕದಲ್ಲಿ ಗಾಳಿಯ ಒತ್ತಡ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರಿದ್ದರೆ 28, ಇಬ್ಬರಿದ್ದರೆ 32 ಅಂತ ಇದೆ. ನಾನು ಬಂಕಿನ ಹುಡುಗನಿಗೆ "ಮೂವತ್ತೈದು ಹೊಡಿಯಪ್ಪ" ಅನ್ನುತ್ತಿದ್ದೆ, ಸ್ಯಾಂಪಲ್ ಬ್ಯಾಗಿನ ಭಾರ ಇದೆ ಅಂತ. 500 ರೂಪಾಯಿಯ ಸಣ್ಣ ಗೇಜ್ ಒಂದನ್ನು ತಂದು ನೋಡಿದರೆ ಆ ಮೂವತ್ತೈದು ನಿಜದಲ್ಲಿ 40! ಗಾಳಿ ಹೆಚ್ಚಾದರೆ ಟೈರಿನ ಹೊಟ್ಟೆ ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಎರಡು ವರ್ಷ ನಾನೇ ದುಡ್ಡು ಕೊಟ್ಟು ಟೈರ್ ಚಪ್ಪಟೆ ಮಾಡಿಸಿಕೊಂಡಿದ್ದೆ. ಮೂರನೆಯದು, ಆ ಟೈರ್ ಗಟ್ಟಿ ರಬ್ಬರಿನದು. ಹಿಂದಿನ ಸಲ ಅಂಗಡಿಯವನು "ಮೈಲೇಜ್ ಟೈರ್ ಸಾರ್, ಸವೆಯೋದೇ ಇಲ್ಲ" ಅಂದಿದ್ದ. ಮಾತು ಸುಳ್ಳಲ್ಲ, 28,000 ಕಿ.ಮೀ. ಬಂತು. ಆದರೆ ಮಳೆಗಾಲದಲ್ಲಿ ಬ್ರೇಕ್ ಹಾಕಿದಾಗೆಲ್ಲ ಅದು ಸಣ್ಣಗೆ ಜಾರುತ್ತಿತ್ತು, ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಇದಕ್ಕೂ ಮುಂಚಿನ, ಹಿಂದಿನ ಚಕ್ರದ ಮೂರನೇ ಟೈರಿನ ಕತೆಯನ್ನೂ ಹೇಳಿಬಿಡಬೇಕು, ನಾಚಿಕೆಗೇಡಾದರೂ. 2018ರ ಸುಮಾರಿಗೆ ಎಲ್ಲರೂ ಹಿಂದೆ ಅಗಲದ ಟೈರ್ ಹಾಕಿಸುತ್ತಿದ್ದರು. ನಾನೂ ಯಮಹಾ ಎಫ್‌ಝಡ್‌ಗೆ ಬರುವ 140/60 ಅಳತೆಯದು ಹಾಕಿಸಿದೆ. ನೋಡಲು ಬೈಕು ದೊಡ್ಡ ಸಿಸಿಯದರ ಹಾಗೆ ಕಂಡಿತು. ಮನೆಗೆ ಬಂದು ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಮೊದಲಿಗಿಂತ ನೆಟ್ಟಗೆ ನಿಂತಿತು. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ಟೈರ್ ಮೇಲಿನ ಮೊದಲ ಅಂಕಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಅನ್ನುವುದು. 120ರಲ್ಲಿ 80 ಅಂದರೆ 96 ಮಿ.ಮೀ. 140ರಲ್ಲಿ 60 ಅಂದರೆ 84. ಹಿಂಭಾಗ 12 ಮಿ.ಮೀ. ಕುಸಿದಿದೆ! ಚಕ್ರದ ಸುತ್ತಳತೆ ಸುಮಾರು ಶೇ. 4 ಕಮ್ಮಿ, ಅಂದರೆ ಅದೇ ವೇಗಕ್ಕೆ ಎಂಜಿನ್ ಅಷ್ಟು ಹೆಚ್ಚು ತಿರುಗಬೇಕು. ಜೊತೆಗೆ ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಅದರ ಎರಡೂ ಅಂಚು ಒಳಗೆ ಎಳೆದುಕೊಂಡು ಟೈರ್ ಮೊಟ್ಟೆಯ ಹಾಗೆ ದುಂಡಾಗುತ್ತದೆ. ಕೊಟ್ಟ ಕಾಸು ಅಗಲಕ್ಕೆ, ನೆಲ ಮುಟ್ಟುವುದು ಮೊದಲಿನಷ್ಟೇ. ತಿರುವಿನಲ್ಲಿ ಬೈಕು ಸೋಮಾರಿ ಎತ್ತಿನ ಹಾಗೆ ನಿಧಾನಕ್ಕೆ ತಿರುಗುತ್ತಿತ್ತು. ಚೈನಿಗೂ ಟೈರಿಗೂ ನಡುವೆ ಕಿರುಬೆರಳು ತೂರದಷ್ಟು ಸಂದು. 14,000 ಕಿ.ಮೀ.ಗೆ ತೆಗೆಸಿದೆ. ಕಂಪನಿಯ ಎಂಜಿನಿಯರ್‌ಗಳು ಸುಮ್ಮನೆ 120 ಇಟ್ಟಿರಲಿಲ್ಲ.

ಹಾಗಾಗಿ ಈ ಸಲ ಅಳತೆಯ ಬಗ್ಗೆ ಚರ್ಚೆಯೇ ಇಲ್ಲ. ಅಳತೆಯ ಪಕ್ಕದಲ್ಲಿ 61ಪಿ ಅಂತ ಇನ್ನೊಂದು ಗುರುತು ಇರುತ್ತದೆ. 61 ಭಾರದ ಸೂಚ್ಯಂಕ, 257 ಕೆ.ಜಿ.ವರೆಗೆ ಹೊರುತ್ತದೆ ಅಂತ. ಪಿ ಅಂದರೆ ಗಂಟೆಗೆ 150 ಕಿ.ಮೀ.ವರೆಗೆ. ಕಂಪನಿ ಕೊಟ್ಟಿದ್ದಕ್ಕಿಂತ ಇವೆರಡೂ ಕಮ್ಮಿ ಇರಬಾರದು, ಜಾಸ್ತಿ ಇದ್ದರೆ ಅಡ್ಡಿಯಿಲ್ಲ. ಐಎಸ್ಐ ಗುರುತನ್ನೂ ನೋಡಿಕೊಳ್ಳಿ.

ಉಳಿದದ್ದು ರಬ್ಬರ್ ಮತ್ತು ಸಾಲಿನ ವಿನ್ಯಾಸ. ನನಗೆ ಬೇಕಿದ್ದದ್ದು ಒದ್ದೆ ರಸ್ತೆಯಲ್ಲಿ ಹಿಡಿಯುವ ಟೈರ್, ಅಂದರೆ ಮೆತ್ತನೆ ರಬ್ಬರಿನದು. ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ರಸ್ತೆ ಒಣಗುವುದೇ ಇಲ್ಲ, ಮರದ ನೆರಳಿನ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ. ಬಳ್ಳಾರಿ, ರಾಯಚೂರಿನಲ್ಲಿ ಓಡಿಸುವವರು ಗಟ್ಟಿ ರಬ್ಬರಿನದನ್ನೇ ಹಾಕಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ಸಾಲು ನಡುವಿನಿಂದ ಪಕ್ಕಕ್ಕೆ ಹರಿದು ಅಂಚಿನವರೆಗೂ ಹೋಗಿರಬೇಕು, ನೀರು ಹೊರಗೆ ಹೋಗಲು ದಾರಿ ಬೇಕು. ಹಾಗಂತ ಬಿಡಿ ಬಿಡಿ ರಬ್ಬರ್ ಗುಬುಟುಗಳಿರುವ ಬಟನ್ ಟೈರ್ ಬೇಡ. ಮಳೆಗೆ ಬಟನ್ ಒಳ್ಳೆಯದು ಅನ್ನುವವರು ಕೆಸರನ್ನೂ ಒದ್ದೆ ಡಾಂಬರನ್ನೂ ಒಂದೇ ಅಂದುಕೊಂಡಿದ್ದಾರೆ. ಕೆಸರಲ್ಲಿ ಬಟನ್ ಕಚ್ಚುತ್ತದೆ. ಡಾಂಬರಿನಲ್ಲಿ ನೆಲ ಮುಟ್ಟುವ ರಬ್ಬರೇ ಕಮ್ಮಿ.

ಕಾಸಿನ ಲೆಕ್ಕವನ್ನೂ ಹಾಕಿದೆ. ಗಟ್ಟಿ ಟೈರ್ 2,200 ರೂಪಾಯಿ, 28,000 ಕಿ.ಮೀ.: ಕಿಲೋಮೀಟರಿಗೆ ಎಂಟು ಪೈಸೆ. ಮೆತ್ತನೆಯದು 2,900, ಬಹಳ ಅಂದರೆ 20,000 ಕಿ.ಮೀ.: ಹದಿನಾಲ್ಕೂವರೆ ಪೈಸೆ. ದಿನಕ್ಕೆ ನೂರು ಕಿ.ಮೀ. ಓಡಿಸಿದರೆ ವ್ಯತ್ಯಾಸ ಆರೂವರೆ ರೂಪಾಯಿ. ಸೋಮೇಶ್ವರದ ಆ ಟೀಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ.

ಯಾವ ಕಂಪನಿ ಅಂತ ಎಲ್ಲರೂ ಕೇಳುತ್ತಾರೆ. ಎಂಆರ್‌ಎಫ್, ಸಿಯಟ್, ಅಪೋಲೊ, ಟಿವಿಎಸ್ ಯೂರೋಗ್ರಿಪ್, ಜೆಕೆ, ದುಡ್ಡಿದ್ದರೆ ಮಿಷೆಲಿನ್, ಪಿರೆಲ್ಲಿ, ಎಲ್ಲವೂ ಸಿಗುತ್ತವೆ. ಕೆಎಸ್‌ಆರ್‌ಟಿಸಿ ಬಸ್ ಓಡಿಸಿ ರಿಟೈರ್ ಆದ ನಮ್ಮಪ್ಪನಿಗೆ ಟೈರ್ ಅಂದರೆ ಇವತ್ತಿಗೂ ವಿಕ್ರಾಂತ್. ಆ ಮೈಸೂರು ಕಾರ್ಖಾನೆ ಜೆಕೆಯವರ ಕೈಗೆ ಹೋಗಿ ಎಷ್ಟೋ ವರ್ಷವಾಯಿತು ಅಂದರೆ "ಹೆಸರು ಬದಲಾಗಿರಬಹುದು, ರಬ್ಬರ್ ಅದೇ" ಅನ್ನುತ್ತಾರೆ. ನಾನು ಕೊನೆಗೆ ತಂದದ್ದು, ಆ ಜಾರಿದ ಗಟ್ಟಿ ಟೈರ್ ಮಾಡಿದ ಕಂಪನಿಯದೇ ಇನ್ನೊಂದು ಮಾಡೆಲ್. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆ ಇಷ್ಟು ವ್ಯತ್ಯಾಸ ಇರುವಾಗ ಬರೀ ಹೆಸರು ಹೇಳಿ ಏನು ಪ್ರಯೋಜನ?

ಮುಂದಿನ ಟೈರ್ ಬದಲಿಸಲು ಮನಸ್ಸಿರಲಿಲ್ಲ. ಸಾಲು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಆದರೆ ತಯಾರಾಗಿ ಆರು ವರ್ಷವಾಗಿತ್ತು, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಅಪ್ಪ ಬಗ್ಗಿ ನೋಡಿ, "ಡಿಪೋದಲ್ಲಿ ರಿಟ್ರೆಡ್ ಟೈರ್, ಅಂದ್ರೆ ಹಳೇದಕ್ಕೆ ಹೊಸ ರಬ್ಬರ್ ಹೊದಿಸಿದ್ದು, ಹಿಂದಕ್ಕೆ ಹಾಕ್ತಿದ್ರು, ಮುಂದಕ್ಕೆ ಹೊಸದೇ. ಹಿಂದಿಂದು ಜಾರಿದ್ರೆ ಕಾಲು ಕೊಟ್ಟೆ, ಮುಂದಿಂದು ಜಾರಿದ್ರೆ ಏನು ಕೊಡ್ತೀಯ?" ಅಂದರು. ಎರಡನ್ನೂ ಬದಲಿಸುವುದು ಅಂತಾಯಿತು.

ಅಂಗಡಿಯವನು ಒಳಗಿಂದ ಹಿಂದಿನ ಟೈರ್ ತಂದು ಇಟ್ಟ. ಮೇಲಿನ ಪ್ಲಾಸ್ಟಿಕ್ ಸುತ್ತು ಸರಿಸಿ ಮೊಬೈಲ್ ಟಾರ್ಚ್ ಹಾಕಿ ಹುಡುಕಿದೆ. ಪಕ್ಕದ ಗೋಡೆಯಲ್ಲಿ ನಾಲ್ಕಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದರಲ್ಲಿದ್ದದ್ದು 1821. 2021ರ ಹದಿನೆಂಟನೇ ವಾರ, ಎರಡು ವರ್ಷ ದಾಟಿದ್ದು.

"ಹೊಸ ಸ್ಟಾಕ್ ಇಲ್ವಾ?"

"ಸಾರ್, ಟೈರ್ ಏನು ಬಾಳೆಹಣ್ಣಾ ಕೊಳೆಯೋಕೆ? ಸುತ್ತು ಬಿಚ್ಚೇ ಇಲ್ಲ ನೋಡಿ."

ಅವನ ಮಾತಿನಲ್ಲಿ ಅರ್ಧ ನ್ಯಾಯ ಇದೆ. ನೆರಳಲ್ಲಿ ಸರಿಯಾಗಿ ಇಟ್ಟ ಟೈರ್ ಎರಡು ವರ್ಷಕ್ಕೆ ಹಾಳಾಗುವುದಿಲ್ಲ. ಆದರೆ ಹೊಸದರ ಬೆಲೆ ಕೊಡುವಾಗ ಹಳೆಯದು ಯಾಕೆ? ಇವತ್ತೇ ಬೇಕಾಗಿಲ್ಲ, ತರಿಸಿ ಅಂದೆ. ನಾಲ್ಕು ದಿನಕ್ಕೆ 1923 ಬಂತು, ಅಂದರೆ ಆ ವರ್ಷದ ಮೇ ತಿಂಗಳದು. ಬೆಲೆ ಅದೇ.

ಕೂರಿಸುವ ದಿನ ಅಲ್ಲೇ ನಿಂತಿದ್ದೆ, ಮೆಷಿನ್ ಇರುವ ಅಂಗಡಿಯಲ್ಲಿ. ಹಿಂದೊಮ್ಮೆ ಲಿವರ್ ಹಾಕಿ ಮೀಟಿದಾಗ ಅಲಾಯ್ ರಿಮ್ಮಿನ ಅಂಚು ಕೆತ್ತಿ ಹೋಗಿ, ಆರು ತಿಂಗಳು ಅಲ್ಲಿಂದ ಗಾಳಿ ಸಣ್ಣಗೆ ಇಳಿಯುತ್ತಿತ್ತು. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇರುತ್ತದೆ. ಮಾತಾಡುತ್ತಾ ಕೆಲಸ ಮಾಡುವ ಹುಡುಗರು ಉಲ್ಟಾ ಹಾಕುವುದುಂಟು, ಅದೊಂದನ್ನು ನೋಡಿಕೊಂಡೆ. ಬಣ್ಣದ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಭಾಗ, ವಾಲ್ವ್ ಪಕ್ಕಕ್ಕೆ ಬರಬೇಕು. ವಾಲ್ವ್ ಹೊಸದು ಹಾಕಿಸಿದೆ. ಟೈರ್ ಹೊಸದು ಮಾಡಿ ಹತ್ತು ವರ್ಷದ ವಾಲ್ವ್ ಬಿಡುವುದು ಯಾವ ಉಳಿತಾಯ? ಸೋಪು ನೀರು ಸವರಿ ಗಾಳಿ ಬಿಟ್ಟಾಗ ಅಂಚು ರಿಮ್ಮಿಗೆ ಕೂರುವ 'ಠಪ್, ಠಪ್' ಎರಡು ಸದ್ದು ಕೇಳಿತು. ಆ ಸದ್ದು ಕೇಳಿದ ಮೇಲೆ ಟೈರಿನ ಪಕ್ಕದ ಸಣ್ಣ ಗೆರೆ ರಿಮ್ಮಿನ ಸುತ್ತ ಒಂದೇ ಸಮ ಕಾಣುತ್ತಿದೆಯೇ ಅಂತ ನೋಡಿಬಿಟ್ಟರೆ ಆಯಿತು.

ಚಕ್ರ ಬಿಚ್ಚಿದ್ದಾಗಲೇ ಬೇರಿಂಗ್‌ಗೆ ಬೆರಳು ಹಾಕಿ ತಿರುಗಿಸಿದೆ. ಮುಂದಿನದು ಸರಿ, ಹಿಂದಿನದರಲ್ಲಿ ಮರಳು ಅರೆದ ಹಾಗೆ ಗರಗರ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂದಿನ ರಬ್ಬರ್‌ಗಳೂ ಒಣಗಿ ಚೂರಾಗಿದ್ದವು. ಗೇರ್ ಬದಲಿಸುವಾಗ ಚೈನ್ ಕಡೆಯಿಂದ ಬರುತ್ತಿದ್ದ ಎಳೆತ ಇದರದ್ದೇ ಅಂತ ಆಗ ಗೊತ್ತಾಯಿತು. ಟೈರ್ ಬಿಲ್ಲಿನ ಮೇಲೆ ಇನ್ನೊಂದು 600 ಏರಿತು. ಬೇರೆ ದಿನ ಮಾಡಿಸಿದ್ದರೆ ಚಕ್ರ ಬಿಚ್ಚುವ ಕೂಲಿ ಮತ್ತೆ ಕೊಡಬೇಕಿತ್ತು.

ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ 150 ಕಿ.ಮೀ. ಮುದುಕರ ಹಾಗೆ ಓಡಿಸಿದೆ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ವಾಲಿಸುತ್ತಾ. ಆಗಸ್ಟ್‌ನಲ್ಲಿ ಮತ್ತೆ ಘಾಟಿ ಇಳಿದೆ. ಅದೇ ಎಲೆ, ಅದೇ ಒದ್ದೆ. ವಾಲಿಸಿದಷ್ಟೇ ವಾಲಿತು, ಏಣು ಹತ್ತಿ ಇಳಿಯುವ ಆ ಗಲಿಬಿಲಿ ಇಲ್ಲ. ಎಷ್ಟು ಟೈರಿನದು, ಎಷ್ಟು 28ಕ್ಕೆ ಇಳಿಸಿದ ಗಾಳಿಯದು ಅಂತ ಬೇರೆ ಮಾಡಿ ಹೇಳಲಾರೆ.

ಈಗ ಹಿಂದಿನದು 21,000 ಓಡಿದೆ, ನನ್ನ ಲೆಕ್ಕಕ್ಕಿಂತ ಸಾವಿರ ಜಾಸ್ತಿಯೇ. ನಡುವೆ ಸ್ವಲ್ಪ ಚಪ್ಪಟೆಯಾಗಿದೆ, ಏಣು ಇಲ್ಲ, ಸಾಲು ಎರಡು ಮಿ.ಮೀ. ಉಳಿದಿದೆ. 2025ರ ಸೆಪ್ಟೆಂಬರ್‌ನಲ್ಲಿ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದರಿಂದ ಮುಂದಿನ ಸಲ ಸ್ವಲ್ಪ ಉಳಿಯಬಹುದು. ಮೊನ್ನೆ ಗಾಳಿ ನೋಡಿಸಲು ಹೋದಾಗ ಅಂಗಡಿಯವನು ನನ್ನನ್ನು ಕಂಡವನೇ ಹುಡುಗನಿಗೆ ಕೂಗಿ ಹೇಳಿದ: "ಲೋ, ಡೇಟ್ ನೋಡೋ ಸಾರ್ ಬಂದಿದಾರೆ. ಹೊಸ ಸ್ಟಾಕ್ ಮುಂದಕ್ಕಿಡು."