ಸೊಂಟದ ಟೇಪು, ಸ್ತನ ಪರೀಕ್ಷೆ: ನಮ್ಮ ಕ್ಲಿನಿಕ್ಕಿನ ಅನುಭವ

ತಾಲ್ಲೂಕು ಆಸ್ಪತ್ರೆಯ, ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ನಾನು ಡಾಕ್ಟರು. ಬಿಪಿ, ಶುಗರ್ ಮಾತ್ರೆಗೆ ಬರುವ ಹೆಂಗಸರೇ ಇಲ್ಲಿ ಜಾಸ್ತಿ. ಇವರ ಬಿಪಿ ನೋಡುವಾಗಲೇ ಸೊಂಟದ ಸುತ್ತಳತೆ ತೆಗೆಯುತ್ತೇವೆ, ಅದೇ ಭೇಟಿಯಲ್ಲಿ ಸ್ತನ ಪರೀಕ್ಷೆಯನ್ನೂ ಮುಗಿಸುತ್ತೇವೆ. ಎರಡಕ್ಕೂ ಏನು ಸಂಬಂಧ ಅಂತ ಹೊಸದಾಗಿ ಬಂದ ನರ್ಸ್‌ಗಳು ಕೇಳುತ್ತಾರೆ. ಬರುವ ಹೆಂಗಸರೂ ಕೇಳುತ್ತಾರೆ. ಹೊಟ್ಟೆಯ ಬೊಜ್ಜಿಗೂ ಸ್ತನ ಕ್ಯಾನ್ಸರ್‌ಗೂ ಸಂಬಂಧ ಇದೆ. ಬೇರೆ ಊರಿನ ಕ್ಲಿನಿಕ್ಕುಗಳಲ್ಲೂ ಹೀಗೆ ಮಾಡಲಿ ಅನ್ನುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನನ್ನು ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಆದರೆ ದೇಹದಲ್ಲಿ ಈಸ್ಟ್ರೋಜನ್ ಪೂರ್ತಿ ಇಲ್ಲವಾಗುವುದಿಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನನ್ನು, ಕೊಬ್ಬಿನಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಕೊಬ್ಬು ಜಾಸ್ತಿಯಾದಷ್ಟೂ ಈ ಈಸ್ಟ್ರೋಜನ್ನೂ ಜಾಸ್ತಿ. ಹೊಟ್ಟೆಯಲ್ಲಿ ಕೊಬ್ಬು ತುಂಬಿದರೆ ರಕ್ತದಲ್ಲಿ ಇನ್ಸುಲಿನ್ ಕೂಡ ಏರುತ್ತದೆ. ಈಸ್ಟ್ರೋಜನ್ನನ್ನು ರಕ್ತದಲ್ಲಿ ಕಟ್ಟಿ ಇಟ್ಟುಕೊಳ್ಳುವ ಒಂದು ಪ್ರೋಟೀನು ಇದೆ, ಅದನ್ನು ತಯಾರಿಸುವುದು ಲಿವರ್. ಇನ್ಸುಲಿನ್ ಏರಿದಾಗ ಆ ಪ್ರೋಟೀನು ಇಳಿಯುತ್ತದೆ. ಕಟ್ಟು ಬಿಚ್ಚಿದ ಈಸ್ಟ್ರೋಜನ್ ಸ್ತನದ ಕೋಶಗಳ ಮೇಲೆ ನೇರವಾಗಿ ಕೆಲಸ ಮಾಡಿ ಅವನ್ನು ಬೆಳೆಸುತ್ತದೆ. ಇನ್ಸುಲಿನ್ ತಾನೂ ಕೋಶಗಳನ್ನು ಬೆಳೆಸುವ ಹಾರ್ಮೋನೇ. ಹಾಗಾಗಿ ಶುಗರ್ ಮಾತ್ರೆಗೆ ಬಂದ ಹೆಂಗಸಿನ ಸ್ತನ ಪರೀಕ್ಷೆಯನ್ನು ಇನ್ನೊಂದು ಕೋಣೆಗೆ, ಇನ್ನೊಂದು ದಿನಕ್ಕೆ ತಳ್ಳುವುದರಲ್ಲಿ ಅರ್ಥವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, 2016ರಲ್ಲಿ ಬೊಜ್ಜಿಗೆ ಗಟ್ಟಿ ನಂಟಿರುವ 13 ಬಗೆಯ ಕ್ಯಾನ್ಸರ್‌ಗಳನ್ನು ಹೆಸರಿಸಿತು. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಅದರಲ್ಲಿದೆ. ಈ ವಯಸ್ಸಿನವರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 5 ಏರಿದರೆ ಅಪಾಯ ಸುಮಾರು ಶೇ. 12ರಷ್ಟು ಏರುತ್ತದೆ. ಐದಡಿ ಎತ್ತರದ ಹೆಂಗಸಿಗೆ ಅದು ಸುಮಾರು 11–12 ಕೆ.ಜಿ. ತೂಕ. ಮುಟ್ಟು ನಿಲ್ಲುವ ಮೊದಲಿನ ಲೆಕ್ಕ ಬೇರೆ. ಪಾಶ್ಚಾತ್ಯ ದೇಶಗಳ ಅಧ್ಯಯನಗಳಲ್ಲಿ ಆ ವಯಸ್ಸಿನ ದಪ್ಪ ಹೆಂಗಸರಿಗೆ ಅಪಾಯ ಸ್ವಲ್ಪ ಕಡಿಮೆಯೇ ಕಂಡಿದೆ. ಆದರೆ ಮುಂಬೈನ ಕ್ಯಾನ್ಸರ್ ಆಸ್ಪತ್ರೆಯಾದ ಟಾಟಾ ಮೆಮೋರಿಯಲ್‌ನವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಟ್ಟೆಯ ಸುತ್ತ ಬೊಜ್ಜು ಇದ್ದವರಿಗೆ ಮುಟ್ಟು ನಿಲ್ಲುವ ಮೊದಲೂ ನಂತರವೂ ಅಪಾಯ ಜಾಸ್ತಿ ಇತ್ತು. ಅದಕ್ಕೇ ನಾನು ತೂಕದ ಯಂತ್ರಕ್ಕಿಂತ ಟೇಪನ್ನು ಹೆಚ್ಚು ನಂಬುತ್ತೇನೆ. ನಮ್ಮ ಹೆಂಗಸರಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಇರುವವರು ತುಂಬಾ. ತೂಕ ನೋಡಿದರೆ ಇವರು ಸಿಕ್ಕುವುದೇ ಇಲ್ಲ.

ಅಳತೆ ಸರಿಯಾಗಿ ತೆಗೆಯುವುದೇ ಒಂದು ಕೆಲಸ. ಸೀರೆಯ ಮೇಲಿಂದ ಟೇಪು ಸುತ್ತಿದರೆ ನೆರಿಗೆಯನ್ನೂ ಅಳೆದಂತೆ. ಹೊಲಿಗೆಯವರ ಬಟ್ಟೆ ಟೇಪು ಎಳೆದೂ ಎಳೆದೂ ಹಿಗ್ಗಿರುತ್ತದೆ. ನಾವು ಹಿಗ್ಗದ ಟೇಪು ಇಟ್ಟಿದ್ದೇವೆ. ಕೋಣೆಗೆ ಪರದೆ ಬೇಕು, ಒಳಗೆ ಹೆಂಗಸರೇ ಇರಬೇಕು. ಲಂಗದ ಲಾಡಿಯನ್ನು ಸಡಿಲ ಮಾಡಿಸಿ, ಸೀರೆಯನ್ನು ಕೆಳಗೆ ಸರಿಸುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಿನ ಅಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳತೆ ನೋಡುತ್ತೇವೆ. ಟೇಪು ಕಂಡ ಕೂಡಲೇ ಎಲ್ಲರೂ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಎರಡು ಮಾತಾಡಿಸಿದರೆ ಸಡಿಲವಾಗುತ್ತಾರೆ. 80 ಸೆಂ.ಮೀ. ದಾಟಿದರೆ ನಮ್ಮ ದೇಶದ ಹೆಂಗಸರಿಗೆ ಅದು ಹೆಚ್ಚು.

ಈ ಯೋಚನೆ ನನ್ನ ಸ್ವಂತದ್ದೇನಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಇಂಥ ಕಾಯಿಲೆಗಳ ಅಪಾಯ ಯಾರಿಗಿದೆ ಅಂತ ಗುರುತಿಸಲು ತುಂಬುವ ಸಿಬ್ಯಾಕ್ ಫಾರಂನಲ್ಲಿ ಸೊಂಟದ ಅಳತೆಯ ಪ್ರಶ್ನೆ ಇದೆ. 80ರವರೆಗೆ ಸೊನ್ನೆ ಅಂಕ, 81ರಿಂದ 90ಕ್ಕೆ ಒಂದು, ಅದಕ್ಕಿಂತ ಮೇಲೆ ಎರಡು. ಅದೇ ಫಾರಂನಲ್ಲಿ ಸ್ತನದಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತಿದೆಯಾ, ಆಕಾರ ಬದಲಾಗಿದೆಯಾ ಅಂತಲೂ ಇದೆ. ಮನೆಯ ಜಗಲಿಯಲ್ಲಿ, ಅತ್ತೆ, ಮಗ, ಪಕ್ಕದ ಮನೆಯವರು ಕೂತಿರುವಾಗ ಆ ಪ್ರಶ್ನೆಗೆ ಯಾರು ತಾನೇ ಹೌದು ಅನ್ನುತ್ತಾರೆ? ಪರದೆಯ ಹಿಂದೆ ಟೇಪು ಸುತ್ತುವಾಗ ಮಾತು ತಾನಾಗಿ ಬರುತ್ತದೆ. “ಮುಟ್ಟು ನಿಂತ ಮೇಲೆ ಹೊಟ್ಟೆ ಬಂತು ಮೇಡಮ್” ಅಂತ ಶುರುವಾಗಿ, “ಇಲ್ಲೊಂದು ಗಂಟು ಇದೆ, ನೋವಿಲ್ಲ, ಅದಕ್ಕೆ ಸುಮ್ನಿದ್ದೆ” ಅನ್ನುವಲ್ಲಿಗೆ ಬಂದು ನಿಂತದ್ದಿದೆ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ದಪ್ಪ ಇರುವವರ ಸ್ತನ ಪರೀಕ್ಷೆಗೆ ಸಮಯ ಕೊಡಬೇಕು. ಕೊಬ್ಬಿನೊಳಗೆ ಸಣ್ಣ ಗಂಟು ಕೈಗೆ ಸಿಗುವುದು ಕಷ್ಟ. ಮೊದಲು ಕೂರಿಸಿ, ಎರಡೂ ಕೈ ಮೇಲೆತ್ತಿಸಿ, ಚರ್ಮ ಎಲ್ಲಾದರೂ ಒಳಗೆ ಎಳೆದಿದೆಯಾ ನೋಡುತ್ತೇನೆ. ಆಮೇಲೆ ಮಲಗಿಸಿ, ಭುಜದ ಕೆಳಗೆ ಚಿಕ್ಕ ದಿಂಬು ಇಟ್ಟರೆ ಸ್ತನ ಎದೆಯ ಮೇಲೆ ಹರಡಿಕೊಳ್ಳುತ್ತದೆ. ನಡುವಿನ ಮೂರು ಬೆರಳುಗಳ ಮೆತ್ತನೆ ಭಾಗದಿಂದ, ಮೊದಲು ಹಗುರವಾಗಿ, ನಂತರ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ ನೋಡಬೇಕು. ಕಂಕುಳನ್ನು ಬಿಡುವಂತಿಲ್ಲ.

ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲದೆ ಬರೀ ಕೈಯಲ್ಲಿ ಏನು ಗೊತ್ತಾಗುತ್ತೆ ಅಂತ ಕೇಳುವವರಿದ್ದಾರೆ. ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಮುಂಬೈನಲ್ಲಿ ಒಂದೂವರೆ ಲಕ್ಷ ಹೆಂಗಸರ ಮೇಲೆ ದೊಡ್ಡ ಪ್ರಯೋಗ ಶುರುಮಾಡಿದರು. ಅವರಲ್ಲಿ ಸುಮಾರು ಅರ್ಧ ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾವು ಸುಮಾರು ಶೇ. 30ರಷ್ಟು ಕಡಿಮೆ ಇತ್ತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರು 50ರ ಆಸುಪಾಸಿನವರೇ, ಅಲ್ವಾ? ಆ ಫಲಿತಾಂಶ ಓದಿದ ಮೇಲೆ ನನಗೆ ಈ ಕೆಲಸದಲ್ಲಿ ಹಿಂಜರಿಕೆ ಉಳಿಯಲಿಲ್ಲ.

ಹೊಟ್ಟೆ ಕರಗಿಸುವ ಮಾತಿಗೆ ಬಂದರೆ, ನಾನು ಡಯೆಟ್ ಚಾರ್ಟ್ ಕೊಡುವುದಿಲ್ಲ. ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು ಅಂತ ಕೇಳುತ್ತೇನೆ. ಅನ್ನ ಚೆಲ್ಲಬಾರದು ಅಂತ ಪಾತ್ರೆ ಖಾಲಿ ಮಾಡುವವರು ಇವರೇ. ಹಸಿವಾಗದಿದ್ದರೂ ತಿನ್ನುತ್ತಾರೆ. ಇದನ್ನು ಗಂಡನ ಎದುರು, ಸೊಸೆಯ ಎದುರು ಹೇಳಿದರೆ ಮಾತ್ರ ಅಡುಗೆಯ ಅಳತೆ ಬದಲಾಗುತ್ತದೆ. ಸಕ್ಕರೆ ಹಾಕಿದ ಟೀ ದಿನಕ್ಕೆ ಎಷ್ಟು ಸಲ, ಮನೆಗೆ ತಿಂಗಳಿಗೆ ಎಣ್ಣೆ ಎಷ್ಟು ಅಂತ ಕೇಳುತ್ತೇನೆ. ತಲಾ ಅರ್ಧ ಲೀಟರ್ ಸಾಕು. ಮುದ್ದೆ ಬಿಡಿ ಅನ್ನುವುದಿಲ್ಲ, ಮುದ್ದೆ ಚಿಕ್ಕದಾಗಲಿ, ಸೊಪ್ಪು, ಹುರುಳಿ, ಹೆಸರುಕಾಳು ಜಾಸ್ತಿಯಾಗಲಿ ಅನ್ನುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ಮನೆಗೆಲಸವೇ ಸಾಕಾಗಲ್ವಾ ಅಂತ ಕೇಳಿದರೆ, ಉಬ್ಬುಸ ಬರುವ ಹಾಗೆ ನಡೆದು ನೋಡಿ ಅನ್ನುತ್ತೇನೆ. 50 ದಾಟಿದ ಮೇಲೆ ಇಳಿಸಿದರೂ ಲಾಭ ಇದೆ. ಇಳಿಸಿದ ತೂಕವನ್ನು ಹಾಗೇ ಉಳಿಸಿಕೊಂಡವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಅಂತ 2020ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿದೆ.

ಕ್ಯಾನ್ಸರ್ ಬಂದವರ ಎದುರು ಮಾತ್ರ ನಾನು ಹೊಟ್ಟೆಯ ಮಾತನ್ನು ಕಾರಣವಾಗಿ ಎತ್ತುವುದಿಲ್ಲ. “ನಾನು ದಪ್ಪ ಇದ್ದಿದ್ದಕ್ಕೇ ಬಂತಾ?” ಅಂತ ಕೇಳಿದವರಿಗೆ ಅಲ್ಲ ಅಂತಲೇ ಹೇಳುತ್ತೇನೆ. ವಯಸ್ಸು, ಮನೆತನ, ಹೆರಿಗೆಯ ವಯಸ್ಸು, ಹೀಗೆ ಎಷ್ಟೋ ಸಂಗತಿ ಸೇರಿ ಬರುವ ಕಾಯಿಲೆ ಇದು. ಹೊಟ್ಟೆ ಇರುವ ಹೆಚ್ಚಿನವರಿಗೆ ಇದು ಬರುವುದೇ ಇಲ್ಲ, ಸಣ್ಣ ಇರುವವರಿಗೂ ಬರುತ್ತದೆ. ಟೇಪಿನ ಅಳತೆ 70 ಇದ್ದರೂ ಸ್ತನ ಪರೀಕ್ಷೆ ಬಿಡುವುದಿಲ್ಲ.

ಗಂಟು ಸಿಕ್ಕಿದ ದಿನ ಎಲ್ಲಕ್ಕಿಂತ ಕಷ್ಟದ ಮಾತು ಸೂಜಿಯದ್ದು, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯದ್ದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯ ನಮ್ಮ ಕಡೆ ಬಲವಾಗಿ ಕೂತಿದೆ. ಹರಡುವುದಿಲ್ಲ. ಬಯಾಪ್ಸಿ ಇಲ್ಲದೆ ಯಾವ ಔಷಧಿ ಕೊಡಬೇಕು ಅಂತ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ ಅಂತ ಮಗನನ್ನೋ ಮಗಳನ್ನೋ ಕೂರಿಸಿ ಹೇಳುತ್ತೇನೆ. ಬರೀ ಚೀಟಿ ಬರೆದು ಕಳಿಸಿದರೆ ಅದು ಮನೆಯ ಕ್ಯಾಲೆಂಡರಿನ ಹಿಂದೆ ಸೇರಿಬಿಡುತ್ತದೆ. ಹಾಗಾಗಿ ದೊಡ್ಡ ಆಸ್ಪತ್ರೆಗೆ ಹೋಗುವ ದಿನವನ್ನು ನನ್ನ ಎದುರೇ ಗೊತ್ತುಮಾಡಿಸುತ್ತೇನೆ. ಆ ಊರಿನ ಆಶಾ ಅಕ್ಕನಿಗೆ ಆಗಲೇ ಫೋನ್ ಮಾಡಿ, ಜೊತೆಗೆ ಹೋಗಿ ಬರಲು ಹೇಳುತ್ತೇನೆ. ವರದಿ ನನ್ನ ಕೈಗೆ ಬರುವವರೆಗೂ ಆ ಹೆಸರನ್ನು ಪಟ್ಟಿಯಿಂದ ತೆಗೆಯುವುದಿಲ್ಲ.