ಹಳೇ ಮಾರುತಿ 800: ಎಂಜಿನ್ ಮನೆಯಲ್ಲೇ ಇಳಿಸುವುದು ಹೇಗೆ?

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಪದೇ ಪದೇ ಕಡಿಮೆಯಾಗುವ ಆಯಿಲ್, ಏರಿನಲ್ಲಿ ಎಳೆಯದ ಗಾಡಿ. ಮೂರೂ ಒಟ್ಟಿಗೆ ಬಂದರೆ ಪಿಸ್ಟನ್ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿರುವ ಸಾಧ್ಯತೆ ಜಾಸ್ತಿ. ಆದರೂ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ ಬಿಚ್ಚಿದರೆ ಸಾಕು. ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸ್ ಇಳಿಸಿದರೆ ಸಾಕು. ಸುಮ್ನೆ ಎಂಜಿನ್ ಹೊರಗೆ ತೆಗೆಯುವ ಕೆಲಸ ಬೇಡ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿವರೆಗೂ ತಯಾರಾದ ಈ ಕಾರು ಮನೆ ರಿಪೇರಿಗೆ ಒಗ್ಗುವಂಥದ್ದು. 796 ಸಿಸಿ, ಮೂರೇ ಸಿಲಿಂಡರ್, ಬಾನೆಟ್ ಒಳಗೆ ಕೈ ಆಡಿಸಲು ಜಾಗವಿದೆ. ಇಲ್ಲಿ ಹೇಳುತ್ತಿರುವುದು ಕಾರ್ಬೊರೇಟರ್ ಮಾದರಿಗೆ ಮಾತ್ರ. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ವೈರಿಂಗೂ ಬೇರೆ.

ಜಾಗ, ಎತ್ತುವ ಸಾಧನ

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಣ್ಣಿನಲ್ಲಿ ಜಾಕ್ ಹೂತುಕೊಳ್ಳುತ್ತದೆ. ಕಾರಿನ ಮುಂಭಾಗ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ಗ್ಯಾರೇಜುಗಳಲ್ಲಿ ಕಬ್ಬಿಣದ ರಾಡು, ಹಗ್ಗ ಹಾಕಿ ಇಬ್ಬರೇ ಈ ಎಂಜಿನ್ ಎತ್ತುವುದನ್ನು ನೀವು ನೋಡಿರಬಹುದು. ಅವರಿಗೆ ಅದು ದಿನದ ಕೆಲಸ. ನೀವು ಚಕ್ರ ಇರುವ ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಪೋರ್ಟಿಕೋದಲ್ಲಿ ಜೋಕಾಲಿಗೆಂದು ಹಾಕಿಸಿದ ಕೊಂಡಿಗೆ ಚೈನ್ ಕಟ್ಟುವ ಯೋಚನೆ ಎಲ್ಲರಿಗೂ ಬರುತ್ತದೆ, ಅಲ್ವಾ? ಬೇಡ. ಮೋಲ್ಡಿನಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ.

ಬಿಚ್ಚುವ ಮೊದಲು ಗುರುತು

ಬಿಚ್ಚುವುದು ಕಷ್ಟವಲ್ಲ, ಮತ್ತೆ ಕೂರಿಸುವಾಗ ತಲೆ ಕೆಡುತ್ತದೆ. ಕೈ ಹಾಕುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ವೈರಿಗೂ, ಪೈಪಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಅದು ಕೂರುವ ಜಾಗಕ್ಕೂ ಅದೇ ನಂಬರ್. ಕಾರ್ಬೊರೇಟರ್ ಸುತ್ತಲಿನ ಸಣ್ಣ ವ್ಯಾಕ್ಯೂಮ್ ಪೈಪುಗಳಿಗಂತೂ ಇದು ತಪ್ಪದೇ ಬೇಕು, ಒಂದು ಅದಲು ಬದಲಾದರೂ ಐಡ್ಲಿಂಗ್ ಸರಿಯಾಗಿ ನಿಲ್ಲುವುದಿಲ್ಲ. ಗೇರ್‌ಬಾಕ್ಸ್ ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಬಾನೆಟ್ ತೆಗೆಯುವ ಮೊದಲು ಕೀಲಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ.

ಮೇಲಿನ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ, ಬ್ಯಾಟರಿ ಹೊರಗಿಡಿ. ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪಿಗೆ ಅಳತೆಗೆ ಸರಿಯಾದ ಬೋಲ್ಟ್ ತುರುಕಿ ಕ್ಲಿಪ್ ಬಿಗಿ ಮಾಡಿ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಕೂಲೆಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್ ಇಳಿಸಿ. ಕೂಲೆಂಟ್ ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ, ಹಾಗಾಗಿ ಕೂಡಲೇ ಮುಚ್ಚಿಡಿ. ಆಮೇಲೆ ರೇಡಿಯೇಟರ್ ಹೊರಗೆ. ಆಕ್ಸಿಲರೇಟರ್, ಚೋಕ್, ಕ್ಲಚ್, ಸ್ಪೀಡೋಮೀಟರ್ ಕೇಬಲ್‌ಗಳು, ಹೀಟರ್ ಪೈಪು, ಆಲ್ಟರ್ನೇಟರ್ ಮತ್ತು ಸ್ಟಾರ್ಟರ್ ವೈರುಗಳನ್ನು ಬಿಚ್ಚಿ. ಎಸಿ ಇದ್ದರೆ ಗ್ಯಾಸ್ ಪೈಪಿಗೆ ಕೈ ಹಾಕಬೇಡಿ. ಕಂಪ್ರೆಸರ್ ಬಿಚ್ಚಿ ಪೈಪ್ ಸಮೇತ ಪಕ್ಕಕ್ಕೆ ಕಟ್ಟಿಡಿ.

ಕೆಳಗಿನ ಕೆಲಸ

ಸೈಲೆನ್ಸರ್ ಪೈಪಿನ ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ, ಆಮೇಲೆ ಲೇಥ್ ಅಂಗಡಿಯೇ ಗತಿ.

ಮೊದಲು ಗೇರ್‌ಬಾಕ್ಸ್ ಇಳಿಸಿ, ಆಮೇಲೆ ಎಂಜಿನ್ ಎತ್ತುವುದು ಮನೆಗೆ ಸುಲಭ. ಭಾರ ಎರಡು ಪಾಲಾಗುತ್ತದೆ. ಗೇರ್ ರಾಡ್ ಬಿಡಿಸಿ. ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಚ್ಚಿ, ಎರಡೂ ಡ್ರೈವ್ ಶಾಫ್ಟುಗಳನ್ನು ಗೇರ್‌ಬಾಕ್ಸ್ ಕಡೆಯಿಂದ ಹೊರಗೆಳೆಯಿರಿ. ಹಬ್ (ಚಕ್ರ ಕೂರುವ ಭಾಗ) ಕಡೆಯಿಂದಲೂ ತೆಗೆದಿದ್ದರೆ ಕಾರನ್ನು ಚಕ್ರದ ಮೇಲೆ ಉರುಳಿಸಬೇಡಿ, ಬೇರಿಂಗ್ ಹಾಳಾಗುತ್ತದೆ.

ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ (ಎಂಜಿನ್, ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ರಬ್ಬರ್ ಆಧಾರ) ಬಿಚ್ಚುವ ಮೊದಲೇ ಎಂಜಿನ್ನಿನ ಕೊಕ್ಕೆಗಳಿಗೆ ಚೈನ್ ಹಾಕಿ, ಭಾರವನ್ನು ಕ್ರೇನ್‌ಗೆ ಕೊಡಿ. ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಟ್ಟು, ಬೋಲ್ಟ್ ಬಿಚ್ಚಿ, ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ಚಿನಿಂದ ಪೂರ್ತಿ ಹೊರಬರುವವರೆಗೆ ನೇರವಾಗಿ ಎಳೆಯಿರಿ. ಅರ್ಧದಲ್ಲಿ ಜೋತು ಬಿಟ್ಟರೆ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ.

ಎತ್ತುವುದು

ಕೊಕ್ಕೆಗಳಲ್ಲಿ ಚೈನ್ ಸರಿಯಾಗಿ ಕೂತಿದೆಯೇ ನೋಡಿ, ಉಳಿದ ಮೌಂಟಿಂಗ್ ಬಿಚ್ಚಿ. ಎರಡು ಇಂಚು ಎತ್ತಿ ನಿಲ್ಲಿಸಿ, ಸುತ್ತ ಟಾರ್ಚ್ ಬಿಟ್ಟು ನೋಡಿ. ಬಿಚ್ಚಲು ಮರೆತ ಅರ್ತ್ ವೈರೋ, ಪೈಪೋ ಸಿಕ್ಕೇ ಸಿಗುತ್ತದೆ. ಒಬ್ಬರು ಕ್ರೇನ್ ಆಡಿಸಲಿ, ಇನ್ನೊಬ್ಬರು ಎಂಜಿನ್ ಓಲಾಡದಂತೆ ಪಕ್ಕದಿಂದ ಹಿಡಿಯಲಿ. ಎಂಜಿನ್ ನೇತಾಡುತ್ತಿರುವಾಗ ಅದರ ಕೆಳಗೆ ಕೈ, ಕಾಲು ಬೇಡ.

ಹಳೇ ಟೈರಿನ ಮೇಲೆ ಇಳಿಸಿ, ತೆರೆದ ತೂತುಗಳಿಗೆಲ್ಲ ಬಟ್ಟೆ ತುರುಕಿ. ಬೋರಿಂಗಿಗೆ (ಸವೆದ ಬೋರು ಕೊರೆದು ಸರಿಮಾಡಲು) ಕಳಿಸಿದ ಎಂಜಿನ್ ಬ್ಲಾಕ್ ವಾಪಸ್ ಬರುವಷ್ಟರಲ್ಲಿ ಕ್ಲಚ್ ಪ್ಲೇಟ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್ ಹೊಸದು ತಂದಿಡಿ. ರಿಪೇರಿ ಬಿಟ್ಟು ಬೇರೆ ಎಂಜಿನ್ನೇ ಕೂರಿಸುವ ಮನಸ್ಸಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ.